ದೇವರ ಗೂಡಿನ ಆಕ್ಸಿಮೀಟರ್

ನಮ್ಮ ಮನೆಯ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ, ಊದಿನಕಡ್ಡಿ, ಕರ್ಪೂರದ ಡಬ್ಬಿ ಇವುಗಳ ಪಕ್ಕದಲ್ಲಿ ಒಂದು ಆಕ್ಸಿಮೀಟರ್ ಇದೆ. ನಿಮಗೂ ನೆನಪಿರಬೇಕು, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಂಥದ್ದು. ಬೆರಳಿಗೆ ಕಚ್ಚಿಸಿದರೆ ಮೈಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನಂಬರಿನಲ್ಲಿ ಹೇಳುತ್ತಿತ್ತು. ನಮ್ಮದರ ಸೆಲ್ಲು ಸತ್ತು ಯಾವ ಕಾಲವಾಯಿತೋ ಗೊತ್ತಿಲ್ಲ. ಮೊನ್ನೆ ಹಬ್ಬದ ಮುಂಚೆ ಗೂಡು ಒರೆಸುವಾಗ ಅದನ್ನು ಕಸದ ಬುಟ್ಟಿಗೆ ಹಾಕಲು ಹೋದೆ. "ಅದನ್ನ ಮುಟ್ಟಬ್ಯಾಡ್ರಿ" ಎಂದು ಅಡುಗೆಮನೆಯಿಂದ ದನಿ ಬಂತು. ದನಿ ನನ್ನ ಹೆಂಡತಿ ಕೊಟ್ರಮ್ಮನದು. ಅವಳು ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ನಾನು ಯಾವಾಗ ಏನನ್ನು ಎಸೆಯುತ್ತೇನೆ ಅನ್ನುವುದು ಅವಳಿಗೆ ಗೋಡೆಯ ಆಚೆಯಿಂದಲೇ ಗೊತ್ತಾಗುತ್ತದೆ. ಒರೆಸಿ ಮತ್ತೆ ವಿಭೂತಿಯ ಪಕ್ಕಕ್ಕೇ ಇಟ್ಟೆ. ಆ ದಿನ ಸಂಜೆ ಬಂದ ನೆಂಟರೊಬ್ಬರು ಎಲ್ಲ ದೇವರಿಗೂ ಸಾಲಾಗಿ ಕೈ ಮುಗಿಯುತ್ತ ಅದಕ್ಕೂ ಮುಗಿದರು. ನಾನು ತಿದ್ದಲಿಲ್ಲ.

ಈ ಯಂತ್ರ ದೇವರಾದ ಕತೆ ಹೇಳಬೇಕಾದರೆ ಮೊದಲು ನನ್ನ ಕಸುಬು ಹೇಳಬೇಕು. ನೀವು ಚನ್ನಗಿರಿ ಕಡೆ ಯಾವುದಾದರೂ ಮದುವೆಗೆ ಬಂದಿದ್ದರೆ ನನ್ನ ಕುರ್ಚಿಯ ಮೇಲೆ ಕೂತಿರುತ್ತೀರಿ. ಒಂದು ಕಾಲು ಕುಂಟುತ್ತಿದ್ದರೆ ಖಂಡಿತ ನನ್ನದೇ. ನಮ್ಮದು ಶಾಮಿಯಾನದ ಅಂಗಡಿ. ಅಪ್ಪ ಎಲ್ಲಿಂದಲೋ ಒಂದು ಟಾರ್ಪಾಲು ತಂದು ಪಕ್ಕದ ಮನೆಯವರ ನಾಮಕರಣಕ್ಕೆ ಕಟ್ಟಿ, ಅವರು ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಟಾರ್ಪಾಲು ತಂದು, ಹಾಗೇ ಬೆಳೆಸಿದ ವ್ಯಾಪಾರ. ನಮ್ಮಲ್ಲಿ ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನ ಒಂದಿದೆ. ತೋಳಿಗೆ ಸಿಂಹದ ಮುಖ, ಬೆನ್ನಿಗೆ ನವಿಲು. ತಾಲ್ಲೂಕಿನ ಅರ್ಧ ಮದುಮಕ್ಕಳು ಕೂರುವ ಮೊದಲೇ ನಾನು ಚಡ್ಡಿ ಹಾಕಿಕೊಂಡು ಅದರ ಮೇಲೆ ಕೂತು ಮಂಡಕ್ಕಿ ತಿಂದಿದ್ದೇನೆ. ಸಂದಿಯಲ್ಲಿ ಸಿಕ್ಕಿಕೊಂಡ ಮಂಡಕ್ಕಿಗಾಗಿ ಇರುವೆ ಬಂದು, ಒಂದು ಮುಹೂರ್ತದಲ್ಲಿ ಮದುಮಗ ಅಕ್ಷತೆ ಬೀಳುವ ಹೊತ್ತಿಗೆ ಎದ್ದು ನಿಂತುಬಿಟ್ಟಿದ್ದ. ಜನ ಅದನ್ನು ಅವನ ಸಂಭ್ರಮ ಅಂದುಕೊಂಡರು. ಅಪ್ಪನಿಗೆ ಮಾತ್ರ ಅನುಮಾನ ಬಂದು ಮನೆಗೆ ಬಂದ ಮೇಲೆ ನನ್ನ ಕಿವಿ ಹಿಂಡಿದ್ದರು.

ಕೊರೊನಾ ಬಂದಿದ್ದು ಮದುವೆಯ ಹಂಗಾಮಿನಲ್ಲಿ. ಲಗ್ನಪತ್ರಿಕೆ ಹಂಚಿದ್ದವರೆಲ್ಲ ಮನೆಯ ಪಡಸಾಲೆಯಲ್ಲೇ ತಾಳಿ ಕಟ್ಟಿಸಿ ಮುಗಿಸಿದರು. ಗಂಡಿನ ಕಡೆ ನಾಲ್ಕು ಜನ, ಹೆಣ್ಣಿನ ಕಡೆ ನಾಲ್ಕು ಜನ. ಅವರಿಗೆಲ್ಲಿಯ ಶಾಮಿಯಾನ, ಎಲ್ಲಿಯ ಸಿಂಹಾಸನ. ಇನ್ನು ಸಾವಿನ ಮನೆಯಾದರೂ ನಮ್ಮ ಕೈ ಹಿಡಿಯುತ್ತದೆ ಅನ್ನುವುದು ಅಪ್ಪನ ಕಾಲದ ನಂಬಿಕೆ. ಸುಗ್ಗಿ ಕೆಟ್ಟರೂ ಜನ ಸಾಯುವುದು ಬಿಡುವುದಿಲ್ಲ, ಬಂದವರು ಕೂರಲು ಕುರ್ಚಿ ಬೇಕೇ ಬೇಕು ಅನ್ನುತ್ತಿದ್ದರು. ಆ ವರ್ಷ ಸತ್ತವರ ಮನೆಗೂ ಯಾರೂ ಬರಲಿಲ್ಲ. ಕಸುಬಿನ ದೃಷ್ಟಿಯಿಂದ ಇದನ್ನು ಹೇಳುತ್ತಿದ್ದೇನೆ ಅಂತ ತಿಳಿಯಬೇಡಿ. ನಮ್ಮ ಬೀದಿಯ ಹಿರಿಯರೊಬ್ಬರನ್ನು ಯಾರೂ ಕೂತು ಅಳದೆ ಕಳಿಸಿದ ದಿನ ನಾನೇ ನಮ್ಮ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದೆ.

ಗೋಡೌನಿನ ಬಾಡಿಗೆ ಉಳಿಸೋಣವೆಂದು ಸಾಮಾನೆಲ್ಲ ಮನೆಗೆ ತಂದೆ. ಹಜಾರದಲ್ಲಿ ಕುರ್ಚಿಗಳು ಒಂದರ ಮೇಲೊಂದು ಸೂರು ಮುಟ್ಟಿದವು. ಬಚ್ಚಲಲ್ಲಿ ಅನ್ನ ಮಾಡುವ ಹಂಡೆಗಳು. ಒಂದರೊಳಗೆ ಇಳಿದು ಸ್ನಾನ ಮಾಡಿದರೆ ಇನ್ನೊಂದರಲ್ಲಿ ಬಟ್ಟೆ. ಸಿಂಹಾಸನ ಒಳಕೋಣೆಗೆ ಹೋಯಿತು. ಅವ್ವ ಅದನ್ನು ನೋಡಿ, "ನನ್ನ ಮದುವ್ಯಾಗೆ ಮಣೆ ಮ್ಯಾಲೆ ಕುಂದ್ರಿಸಿದ್ರು, ಈಗ ಬಂದೈತೆ ನೋಡು ಸಿಂಹಾಸನ" ಅಂದು ಒಂದು ಸಲ ಕೂತು, ಸಿಂಹದ ಹಲ್ಲು ಚುಚ್ಚುತ್ತದೆ ಅಂತ ಎದ್ದು ಬಂದಳು. ನನಗೆ ವ್ಯಾಪಾರವಾಗಿದ್ದು ಒಂದೇ ಸಾಮಾನಿನದು, ಕಂಬಗಳದು. ಸೋಂಕು ಬಂದ ಓಣಿಗಳನ್ನು ಸೀಲ್‌ಡೌನ್ ಮಾಡಲು ಬಿದಿರು ಗಳು ಬೇಕು ಅಂತ ಪುರಸಭೆಯವರು ಕೇಳಿಕೊಂಡು ಬಂದರು, ಕೊಟ್ಟೆ. ಚಪ್ಪರ ಹಾಕುತ್ತಿದ್ದ ಗಳುಗಳು ಊರಿನ ಓಣಿಗಳಿಗೆ ಅಡ್ಡ ನಿಂತವು. ನಾಳೆ ನಮ್ಮ ಮನೆಗೇ ನಮ್ಮದೇ ಗಳು ಅಡ್ಡ ಬಂದರೆ ಅದರ ಬಾಡಿಗೆ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಆರೋಗ್ಯ ಇಲಾಖೆ ನಮ್ಮ ಮನೆಯಲ್ಲಿ ಅವ್ವನ ಕೈಯಲ್ಲಿತ್ತು. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರ ಮೂಗಿಗೂ ಇಂಗಿನ ಡಬ್ಬಿ ಹಿಡಿಯುತ್ತಿದ್ದಳು. ವಾಸನೆ ಬಂತು ಅಂದರೆ ಕಾಫಿ, ಇಲ್ಲವಾದರೆ ಕಷಾಯ. ವಾಸನೆ ಬಂದರೂ ಕಾಫಿಯ ನಂತರ ಕಷಾಯ. ಮೆಣಸು, ಶುಂಠಿ, ಅಮೃತಬಳ್ಳಿ, ಹೆಸರೇ ಗೊತ್ತಿಲ್ಲದ ಇನ್ನೇನೋ ಬೇರು, ಎಲ್ಲ ಸೇರಿಸಿ ಕುದಿಸಿದ ಆ ನೀರು ಕುಡಿದರೆ ರೋಗವಿರಲಿ, ರೋಗಿಯೇ ಮೈ ಬಿಟ್ಟು ಓಡಬೇಕು ಅನ್ನಿಸುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಅಮ್ಮ ಎದ್ದಾಗ, ಅಂದರೆ ಸಿಡುಬು ಬಂದಾಗ, ಇದೇ ಅವ್ವ ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಅಂಗೈಯ ಹಿಂಬದಿಯನ್ನು ನನ್ನ ಹಣೆಗಿಟ್ಟು ಜ್ವರ ಅಳೆಯುತ್ತಿದ್ದಳು. ಡಾಕ್ಟರ ಥರ್ಮಾಮೀಟರಿಗೂ ಅವಳ ಕೈಗೂ ಜಗಳವಾದರೆ ಗೆಲ್ಲುತ್ತಿದ್ದುದು ಕೈಯೇ.

ಹೀಗಿರುವಾಗ ಮಳೆಗಾಲ ಮುಗಿಯುವ ಹೊತ್ತಿಗೆ ನ್ಯಾಮತಿಯ ಹಾಲೇಶಪ್ಪ ಮನೆಯ ಮುಂದೆ ಟೆಂಪೊ ನಿಲ್ಲಿಸಿದ. ನನ್ನ ಹಳೆಯ ಗೆಳೆಯ. ಮರದ ಮೇಲಿರುವಾಗಲೇ ಅಡಿಕೆ ಫಸಲನ್ನು ಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ ಮಾರುವ ಖೇಣಿದಾರ. ಮಾಸ್ಕನ್ನು ಗಡ್ಡಕ್ಕೆ ಹಾಕಿಕೊಂಡು ಬಾಗಿಲಲ್ಲೇ ನಿಂತ.

"ಗೋವಿನಕೋವಿ ಕಡೆ ತೋಟ ಹಿಡಿದೀನಪ್ಪ. ಸುಲಿಯೋ ಗುಂಪು ಬರಾಕೆ ಹೆದರ್ತಾರೆ. ಕಾಯಿ ಕೊಯ್ದಾಗೈತೆ, ಸುಲೀದೆ ಇಟ್ರೆ ಹಾಳಾಗಿ ಹೋಗ್ತೈತೆ. ನಿಮ್ಮನ್ಯಾಗೆ ಹಂಡೆ ಅದಾವೆ, ಒಣಗಿಸಾಕೆ ಟಾರ್ಪಾಲ್ ಅದಾವೆ. ಹೆಂಗೂ ಖಾಲಿ ಕುಂತೀಯ."

"ಆತು ಬಿಡು, ಮಾಡಿಕೊಡ್ತೀವಿ" ಅಂದೆ.

ಒಪ್ಪಿಕೊಂಡವನು ನಾನು, ಸುಲಿದವಳು ಕೊಟ್ರಮ್ಮ. ಇದರಲ್ಲೊಂದು ತಮಾಷೆ ಇದೆ. ಅವಳ ತವರು ಜಗಳೂರು. ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಒಣ ಸೀಮೆ. ಮದುವೆಗೆ ಮುಂಚೆ ಅವಳು ಅಡಿಕೆ ನೋಡಿದ್ದು ತಾಂಬೂಲದ ತಟ್ಟೆಯಲ್ಲಿ ಮಾತ್ರ. ಚನ್ನಗಿರಿಯಲ್ಲೇ ಹುಟ್ಟಿ ಬೆಳೆದ ನನಗೆ ಮಾತ್ರ ಸುಲಿಯಲು ಬರುವುದಿಲ್ಲ. ಸುಲಿಯಲಿಕ್ಕೆ ಮೆಟ್ಟುಗತ್ತಿ ಅಂತ ಇರುತ್ತದೆ. ಮರದ ಹಲಗೆಗೆ ಕೊಕ್ಕಿನಂಥ ಕತ್ತಿ ನಿಲ್ಲಿಸಿ, ಹಲಗೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ಹಸಿರು ಕಾಯಿಯನ್ನು ಕತ್ತಿಗೆ ಒತ್ತಿ ಸಿಪ್ಪೆ ತೆಗೆಯಬೇಕು. ಹುಡುಗನಾಗಿದ್ದಾಗ ಒಮ್ಮೆ ಕೂತು ಹೆಬ್ಬೆರಳು ಕುಯ್ದುಕೊಂಡೆ. "ನಿನ್ನ ಕೈಲಿ ಆಗಲ್ಲ, ಎದ್ದೋಗು" ಅಂದಳು ಅವ್ವ. ಅಷ್ಟು ವಿಧೇಯನಾಗಿ ನಾನು ಅವಳ ಬೇರೆ ಯಾವ ಮಾತನ್ನೂ ನಡೆಸಿಲ್ಲ. ಹೊಸ ಸೊಸೆಯಾಗಿ ಬಂದ ಕೊಟ್ರಮ್ಮ ಆ ಜಾಗದಲ್ಲಿ ಕೂತು ಒಂದೇ ಹಂಗಾಮಿನಲ್ಲಿ ಅವ್ವನನ್ನು ಮೀರಿಸಿದಳು.

ಸುಲಿಯುವವರ ಕೈ ನೋಡಿದ್ದೀರಾ? ಹಸಿ ಅಡಿಕೆಯ ಚೊಗರು ಹತ್ತಿ ಬೆರಳು, ಉಗುರು ಎಲ್ಲ ಕಪ್ಪಾಗುತ್ತವೆ. ಎಷ್ಟು ತೊಳೆದರೂ ಹೋಗುವುದಿಲ್ಲ. ನಮ್ಮೂರಲ್ಲಿ ಹಂಗಾಮಿನ ದಿನಗಳಲ್ಲಿ ಮದುವೆಯಾದರೆ ಬೀಗಿತ್ತಿಯರ ಅಂತಸ್ತನ್ನು ಸೀರೆ ನೋಡಿ ಹೇಳುವುದು ಕಷ್ಟ, ಉಣ್ಣುವಾಗ ಬೆರಳು ನೋಡಿದರೆ ಗೊತ್ತಾಗುತ್ತದೆ. ಚಿಕ್ಕವನಿದ್ದಾಗ ನಾನು ದೊಡ್ಡವ್ವನ ಕಪ್ಪು ಕೈಯಿಂದ ಮೊಸರನ್ನ ತಿನ್ನಲು ಒಲ್ಲೆ ಅಂತ ಅತ್ತಿದ್ದೆನಂತೆ. ಮಸಿ ಹತ್ತಿದ ಅನ್ನ ಅಂತ ನನ್ನ ತಕರಾರು. "ಈ ಮಸಿಯಿಂದಲೇ ನಿನ್ನ ಹೊಟ್ಟೆ ತುಂಬೋದು, ಬಾಯಿ ತೆಗಿ" ಅಂದು ದೊಡ್ಡವ್ವ ತುರುಕುತ್ತಿದ್ದಳು. ಇರಲಿ, ದೊಡ್ಡವ್ವನ ವಿಷಯಕ್ಕೆ ಇಳಿದರೆ ಈ ಪ್ರಬಂಧ ಮುಗಿಯುವುದಿಲ್ಲ.

ಹೀಗೆ ಮನೆ ಸುಲಿಗೆ ಶೆಡ್ಡಾಯಿತು. ಕೊಟ್ರಮ್ಮ ಬೆಳಗಾಗುವುದರೊಳಗೆ ಅಡುಗೆ ಮುಗಿಸಿ ಮೆಟ್ಟುಗತ್ತಿಗೆ ಕೂತರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ಪಾಯಸ ಕುದಿಯುತ್ತಿದ್ದ ಹಂಡೆಯಲ್ಲಿ ಅಡಿಕೆ ಕುದಿಯಿತು. ಮದುವೆಯ ಟಾರ್ಪಾಲಿನ ಮೇಲೆ ಅಡಿಕೆ ಒಣಗಿತು. ನಾನು ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆ. ಅಂದರೆ ಟಿ.ವಿ. ನೋಡುತ್ತ, ಯಾವ ಊರಲ್ಲಿ ಎಷ್ಟು ಜನಕ್ಕೆ ಬಂತು ಅಂತ ಆಗಾಗ ಹಜಾರಕ್ಕೆ ಕೂಗಿ ಹೇಳುತ್ತಿದ್ದೆ.

ಆಗ ಬಂತು ಆಕ್ಸಿಮೀಟರ್. ಕಳಿಸಿದವಳು ನಮ್ಮ ಒಬ್ಬಳೇ ಮಗಳು ಮಂಜುಳಾ, ಮದುವೆಯಾಗಿ ಹೊನ್ನಾಳಿಯಲ್ಲಿದ್ದಾಳೆ. ತೊಂಬತ್ತೈದಕ್ಕಿಂತ ಮೇಲಿದ್ದರೆ ಚೆನ್ನ, ತೊಂಬತ್ತಕ್ಕಿಂತ ಕೆಳಗಿಳಿದರೆ ಆಸ್ಪತ್ರೆ, ದಿನಾ ಸಂಜೆ ನಂಬರ್ ಹೇಳಬೇಕು ಅಂತ ಫೋನಿನಲ್ಲಿ ಅಪ್ಪಣೆಯಾಯಿತು. ಮೊದಲು ನನ್ನ ಬೆರಳಿಟ್ಟೆ. ತೊಂಬತ್ತೊಂಬತ್ತು. ನಿಜ ಹೇಳುತ್ತೇನೆ, ಎಸ್ಸೆಸ್ಸೆಲ್ಸಿಯಿಂದ ಈಚೆಗೆ ಮೂವತ್ತೈದು ದಾಟದ ನನಗೆ ಜೀವನದಲ್ಲಿ ಅಷ್ಟು ನಂಬರ್ ಬಂದಿದ್ದು ಅದೇ ಮೊದಲು. ಅವ್ವನ ಮುಂದೆ ಹಿಡಿದೆ. ಅವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, "ನನ್ನ ಉಸಿರು ದೇವರು ಎಣಿಸ್ಕೊಂಡು ಕುಂತಾನೆ, ನಡುವೆ ನಿಂದೇನು" ಅಂದಳು. ಸುಲಿಯುತ್ತಿದ್ದ ಕೊಟ್ರಮ್ಮನ ಬೆರಳಿಗೆ ಕಚ್ಚಿಸಿದೆ.

ಎಂಬತ್ತನಾಲ್ಕು.

ಕೈ ತೊಳೆಸಿ ಮತ್ತೆ ನೋಡಿದೆ. ಬೇರೆ ಬೆರಳು ನೋಡಿದೆ. ಒಂದೊಂದು ಬೆರಳಿಗೆ ಒಂದೊಂದು ನಂಬರ್, ಯಾವುದೂ ಪಾಸಾಗುವಂಥದ್ದಲ್ಲ. ಯಂತ್ರ ಕೆಟ್ಟಿರಬೇಕೆಂದು ನನ್ನ ಬೆರಳಿಟ್ಟೆ, ತೊಂಬತ್ತೊಂಬತ್ತು. ಯಂತ್ರ ಸರಿಯಾಗಿಯೇ ಇದೆ.

"ಸುಸ್ತು ಐತಾ?" ಅಂದೆ.

"ಐತೆ."

"ಮೈ ಕೈ ನೋವು?"

"ಸೊಂಟ ಬಿದ್ದು ಹೋಗೈತೆ."

"ಊಟ ಸೇರ್ತೈತಾ?"

"ಉಣ್ಣಾಕೆ ಹೊತ್ತೆಲ್ಲೈತೆ."

ಟಿ.ವಿ.ಯಲ್ಲಿ ಹೇಳಿದ ಲಕ್ಷಣಗಳೆಲ್ಲ ಒಂದೊಂದಾಗಿ ಹೊಂದಿಕೆಯಾದವು. ಬೆಳಗಿನಿಂದ ಕತ್ತಲಾಗುವವರೆಗೆ ಬಗ್ಗಿ ಕೂತು ಅಡಿಕೆ ಸುಲಿದವರಿಗೂ ಇವೇ ಲಕ್ಷಣಗಳಿರುತ್ತವೆ ಅನ್ನುವುದು ನನಗೆ ಹೊಳೆಯಲಿಲ್ಲ. ಅಡಿಕೆ ಸುಲಿದಿದ್ದರೆ ತಾನೇ ಹೊಳೆಯುವುದು.

ಪರಿಚಯದ ಡಾಕ್ಟರೊಬ್ಬರಿಗೆ ಫೋನ್ ಮಾಡಿದೆ. ಪಾಪ, ಅವರು ಆ ದಿನಗಳಲ್ಲಿ ಮಲಗಿದ್ದೇ ಇಲ್ಲವೇನೋ.

"ಎಂಬತ್ನಾಲ್ಕು ಅಂದ್ರೆ ಏದುಸಿರು ಬರ್ತಿರಬೇಕು. ಮಾತಾಡಾಕೆ ಆಗ್ತೈತಾ ಅವರಿಗೆ?"

"ನಿಲ್ಲಿಸಿದ್ದೇ ಇಲ್ಲ ಸರ್."

"ಜ್ವರ, ಕೆಮ್ಮು?"

"ಇಲ್ಲ. ನನ್ನ ಬೈಯುವಾಗ ಸ್ವಲ್ಪ ಕೆಮ್ಮಿದ್ಲು."

ಅವರು ಸೆಲ್ಲು ಬದಲಾಯಿಸಿ ನೋಡಿ, ಆಗಲೂ ಹಾಗೇ ಇದ್ದರೆ ದಾವಣಗೆರೆಗೆ ಕರಕೊಂಡು ಬರ್ರಿ, ಫೋನಿನಲ್ಲಿ ಹೇಳೋ ವಿಷಯ ಅಲ್ಲ ಇದು ಅಂದರು. ಸೆಲ್ಲು ಬದಲಾಯಿಸಿದೆ. ನನಗೆ ತೊಂಬತ್ತೊಂಬತ್ತು, ಅವಳಿಗೆ ಎಂಬತ್ತನಾಲ್ಕು.

ದಾವಣಗೆರೆ ಅನ್ನುವ ಹೆಸರು ಕಿವಿಗೆ ಬಿದ್ದದ್ದೇ ಕೊಟ್ರಮ್ಮ ಮೆಟ್ಟುಗತ್ತಿ ಬಿಟ್ಟು ಎದ್ದಳು. ಅವಳ ಮುಖದಲ್ಲಿ ನಾನು ಅಂಥ ಭಯವನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಜಗಳೂರಿನ ಅವಳ ಚಿಕ್ಕಪ್ಪ ಆ ವರ್ಷವೇ ಆಂಬುಲೆನ್ಸ್ ಹತ್ತಿ, ಕಿಟಕಿಯಿಂದ ಕೈ ಬೀಸಿ ಹೋಗಿದ್ದರು. ತಿರುಗಿ ಬಂದಾಗ ಮುಖ ನೋಡಲು ಯಾರಿಗೂ ಆಗಿರಲಿಲ್ಲ. ಅವಳನ್ನು ಎತ್ತಿ ಆಡಿಸಿದ ಚಿಕ್ಕಪ್ಪ.

"ನನ್ನ ಎಲ್ಲಿಗೂ ಕಳಿಸಬ್ಯಾಡ್ರಿ" ಅಂದಳು. "ಏನಾಗೋದಿದ್ರೂ ಈ ಮನ್ಯಾಗೇ ಆಗ್ಲಿ. ನೀವು ನನ್ನ ಮುಖ ನೋಡಂಗಿರಬೇಕು, ನಾನು ನಿಮ್ಮ ಮುಖ ನೋಡಂಗಿರಬೇಕು. ಅಷ್ಟೇ ನಾ ಕೇಳೋದು."

ಕಳಿಸಿದರೆ ಚಿಕ್ಕಪ್ಪನ ಹಾಗಾದರೆ? ಕಳಿಸದೆ ಇಟ್ಟುಕೊಂಡು ಏನಾದರೂ ಆದರೆ? ಎರಡರಲ್ಲಿ ಯಾವುದನ್ನು ಮಾಡಿದರೂ ಕೊಲೆಗಾರ ನಾನೇ ಅನ್ನಿಸಿತು. ಅವಳಿಲ್ಲದ ಮನೆ ಹೇಗಿರುತ್ತದೆ ಅಂತ ಇಷ್ಟು ವರ್ಷದಲ್ಲಿ ನಾನು ಯೋಚಿಸಿಯೇ ಇರಲಿಲ್ಲ. ಕೊನೆಗೆ ಹೇಡಿಗಳು ಮಾಡುವ ತೀರ್ಮಾನ ಮಾಡಿದೆ. ಒಳಕೋಣೆಯಲ್ಲಿ ಬೇರೆ ಇರಲಿ, ದಿನಾ ನಂಬರ್ ನೋಡೋಣ, ಎಂಬತ್ತಕ್ಕಿಂತ ಕೆಳಗಿಳಿದರೆ ಅವಳು ಅತ್ತರೂ ಬಿಡದೆ ಕಳಿಸುವುದು. ಮಂಜುಳಾಗೆ ಅಮ್ಮನ ನಂಬರ್ ತೊಂಬತ್ತಾರು ಅಂತ ಸುಳ್ಳು ಹೇಳಿದೆ. ಸುಳ್ಳು ಹೇಳಿದ ಬಾಯಲ್ಲೇ ಹರಕೆಯನ್ನೂ ಹೊತ್ತೆ, ಇವಳು ಉಳಿದರೆ ಸೂರಗೊಂಡನಕೊಪ್ಪದ ಗುಡಿಗೆ ನಡೆದು ಬರುತ್ತೇನೆ ಅಂತ. ನಮ್ಮ ಮನೆದೇವರಿಗೆ ಹೊರಬಹುದಿತ್ತು, ಆದರೆ ಆತ ಚಿಕ್ಕಪ್ಪನ ವಿಷಯದಲ್ಲಿ ಕೈಕೊಟ್ಟಿದ್ದ. ಊರೆಲ್ಲ ನಂಬುವ ಇನ್ನೊಬ್ಬರನ್ನು ಕೇಳಿ ನೋಡೋಣ ಅನ್ನಿಸಿತು.

ಹೀಗೆ ಕೊಟ್ರಮ್ಮ ಸಿಂಹಾಸನವಿದ್ದ ಕೋಣೆ ಸೇರಿದಳು. ಕಿಟಕಿಯಿಂದ ಊಟ ಕೊಡಬೇಕು, ದೂರ ಇರಬೇಕು. ಅದಕ್ಕೆ ನಮ್ಮಲ್ಲಿ ಸಾಮಾನಿತ್ತು. ಮದುವೆಯ ಹಂಡೆಯಲ್ಲಿ ಸಾರು ಕದಡುವ ಉದ್ದ ಹಿಡಿಯ ಸೌಟು. ಅದರ ಬಾಯಲ್ಲಿ ತಟ್ಟೆ ಕೂರಿಸಿ ಕಿಟಕಿಯ ಸರಳಿನೊಳಗೆ ತೂರಿಸುತ್ತಿದ್ದೆ. ಅವಳು ಸಿಂಹಾಸನದಲ್ಲಿ ಕೂತೇ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು. ಆಕ್ಸಿಮೀಟರೂ ಸೌಟಿನಲ್ಲೇ ಹೋಗಿ, ಸ್ಯಾನಿಟೈಸರಿನಲ್ಲಿ ಮಿಂದು, ಸೌಟಿನಲ್ಲೇ ಬರುತ್ತಿತ್ತು. ನಂಬರನ್ನು ಅವಳು ಒಳಗಿನಿಂದ ಕೂಗಿ ಹೇಳುತ್ತಿದ್ದಳು. "ಎಂಬತ್ನಾಲ್ಕು." ಮರುದಿನ "ಎಂಬತ್ಮೂರು." ನನ್ನ ಎದೆ ಒಂದು ನಂಬರಿಗೆ ಒಂದು ಮೆಟ್ಟಿಲು ಇಳಿಯುತ್ತಿತ್ತು. ಆಮೇಲೆ ಮತ್ತೆ "ಎಂಬತ್ನಾಲ್ಕು."

ಟಿ.ವಿ.ಯವರು ಹುಳಿ ಹಣ್ಣು ಒಳ್ಳೆಯದು ಅಂದಿದ್ದರು. ಸಂತೆಯಿಲ್ಲದ ಕಾಲದಲ್ಲಿ ಎಲ್ಲೆಲ್ಲೋ ಅಲೆದು ನಿಂಬೆಹಣ್ಣು ತಂದೆ. ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಮಧ್ಯಾಹ್ನ ಸಾರಿಗೆ ನಿಂಬೆ, ಸಂಜೆ ಸುಮ್ಮನೆ ನಿಂಬೆ. ಸೌಟಿನ ತುಂಬ ಕಳಿಸುತ್ತಿದ್ದೆ. ಪ್ರೀತಿಯನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದವರು ಹಣ್ಣಿನಲ್ಲಿ ಹೇಳುತ್ತಾರೆ.

ಇತ್ತ ಹಜಾರದಲ್ಲಿ ಹಾಲೇಶಪ್ಪನ ಕಾಯಿ ಕಾಯುತ್ತಿತ್ತು. ಹೊರಗಿನವರನ್ನು ಕರೆಯುವ ಹಾಗಿಲ್ಲ; ಕರೆದರೆ ಕೊಟ್ರಮ್ಮ ಎಲ್ಲಿ ಅಂತ ಕೇಳುತ್ತಾರೆ, ಗಳು ಬಂದು ಬಾಗಿಲಿಗೆ ಬೀಳುತ್ತವೆ. ಮೆಟ್ಟುಗತ್ತಿಯ ಮುಂದೆ ನಾನೇ ಕೂತೆ. ಅವ್ವ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಅಷ್ಟು ಹೊತ್ತಿಗೆ ಮೇಲ್ವಿಚಾರಣೆ ಅವಳಿಗೆ ಹೋಗಿತ್ತು.

"ಕಾಯಿ ಸುಲೀತಿದೀಯೋ, ಕೆತ್ತನೆ ಮಾಡ್ತಿದೀಯೋ? ಸಿಪ್ಪಿ ಕಡೆ ಅರ್ಧ ಅಡಿಕೆ ಹೋಗ್ತೈತೆ."

ಮೊದಲ ದಿನ ಸೊಂಟ ಹೋಯಿತು. ಎರಡನೆಯ ದಿನ ಬೆರಳುಗಳಿಗೆ ಗಾಯ. ಆಮೇಲೆ ಬೇಗ ಎದ್ದು ಒಲೆ ಹಚ್ಚಿ, ಅವ್ವನಿಗೆ ಕಾಫಿ, ಕೋಣೆಗೆ ಉಪ್ಪಿಟ್ಟು, ಪಾತ್ರೆ, ಮತ್ತೆ ಸುಲಿಗೆ, ಮಧ್ಯೆ ಹಂಡೆಗೆ ಬೆಂಕಿ. ಕೂತು ಉಣ್ಣಲು ಹೊತ್ತಾಗದೆ ನಿಂತೇ ಮುದ್ದೆ ನುಂಗುತ್ತಿದ್ದೆ. ಟಿ.ವಿ. ಹಚ್ಚಿದ್ದು ನೆನಪಿಲ್ಲ. ಹಾಲೇಶಪ್ಪ ಬಂದು ನಾನು ಸುಲಿದ ಅಡಿಕೆಯನ್ನು ಅಂಗೈಯಲ್ಲಿಟ್ಟು ನೋಡಿ, "ಇದನ್ನ ಯಾರಿಗೆ ತೋರ್ಸಲಿ ಮಾರಾಯ, ಇಲಿ ಕಡಿದಂಗೆ ಐತೆ" ಅಂದ. ಮನೆಯವರಿಗೆ ಹುಷಾರಿಲ್ಲವೇ ಅಂತ ಕೇಳಿದ. ತಲೆನೋವು ಅಂದೆ.

ಹೀಗೇ ಸುಮಾರು ದಿನ ಕಳೆದವು. ಒಂದು ಸಂಜೆ ಮಂಜುಳಾ ಫೋನ್ ಮಾಡಿ ನಂಬರ್ ಕೇಳಿದಳು. ಅಮ್ಮನದು ತೊಂಬತ್ತಾರು ಅಂತ ಅಭ್ಯಾಸದಂತೆ ಹೇಳಿ, ನನ್ನದು ನಿಜವಾದದ್ದೇ ಹೇಳೋಣವೆಂದು ಬೆರಳಿಟ್ಟೆ. ಬಹಳ ದಿನದಿಂದ ನೋಡಿಕೊಂಡೇ ಇರಲಿಲ್ಲ.

ಎಂಬತ್ತೊಂದು.

ಫೋನ್ ಕೈಯಿಂದ ಜಾರಿತು. ಎತ್ತಿಕೊಂಡು ಇನ್ನೊಂದು ಬೆರಳಿಟ್ಟೆ, ಎಂಬತ್ತು. ಮಂಜುಳಾ ಆಚೆಯಿಂದ ಅಪ್ಪಾ ಅಪ್ಪಾ ಅನ್ನುತ್ತಿದ್ದಳು. ನನಗೆ ಆಗಲೇ ಉಸಿರು ಕಟ್ಟತೊಡಗಿತ್ತು. ತೊಂಬತ್ತೊಂಬತ್ತರ ಮನುಷ್ಯ ಎಂಬತ್ತಕ್ಕೆ ಇಳಿದರೆ ಕಟ್ಟದೆ ಇರುತ್ತದೆಯೇ. ಸುಸ್ತಿದೆ, ಮೈಕೈ ನೋವಿದೆ, ಊಟ ಸೇರುತ್ತಿಲ್ಲ. ಕುರ್ಚಿಗಳ ನಡುವೆ ನೆಲದ ಮೇಲೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ನಿಮ್ಮಮ್ಮನಿಗೆ ಬಂದು ಎಷ್ಟೋ ದಿನ ಆತಮ್ಮ. ನಿಂಗೆ ಸುಳ್ಳು ಹೇಳ್ದೆ. ಈಗ ನಂಗೂ ಬಂದೈತೆ. ಆಂಬುಲೆನ್ಸಿಗೆ ಫೋನ್ ಮಾಡು, ನಾನು ಹೋಗ್ತೀನಿ. ಅವಳನ್ನ ಕಳಿಸಬ್ಯಾಡ್ರಿ, ಅವಳು ಹೆದರ್ತಾಳೆ. ನಾನು ಬರದೆ ಹೋದ್ರೆ ಕುರ್ಚಿ ಮಾರಬ್ಯಾಡ್ರಿ. ಅವಳಿಗೆ ನಿಂಬೆಹಣ್ಣು ತಪ್ಪಿಸಬ್ಯಾಡ್ರಿ."

ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ನನಗೇ ಕರುಣಾಜನಕವಾಗಿ ಕೇಳಿ ಅಳು ಬಂತು. ಅವ್ವ ಬಂದು ಅಂಗೈಯ ಹಿಂಬದಿಯನ್ನು ಹಣೆಗಿಟ್ಟು, "ಏನೂ ಇಲ್ಲ ಇವನಿಗೆ" ಅಂದಳು. ನಾನು ಅವಳ ಕೈ ತಳ್ಳಿದೆ.

ಆಗ ಒಳಕೋಣೆಯ ಚಿಲಕ ತೆಗೆದ ಸದ್ದಾಯಿತು. ಕೊಟ್ರಮ್ಮ ಹೊರಗೆ ಬಂದಳು. ಮಾಸ್ಕಿಲ್ಲ, ಏದುಸಿರಿಲ್ಲ. ಮುಖ ತುಂಬಿಕೊಂಡು, ಕಣ್ಣ ಕೆಳಗಿನ ಕಪ್ಪು ಹೋಗಿ, ಈಗಷ್ಟೇ ತವರಿನಿಂದ ಬಂದವಳ ಹಾಗಿದ್ದಳು. ನೇರ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಹತ್ರ ಬರಬ್ಯಾಡ" ಅಂದೆ.

"ಕಾಲು ಚಾಚ್ರಿ."

"ಕಾಲಾ?"

"ಚಾಚ್ರಿ ಅಂದೆ."

ಚಾಚಿದೆ. ನನ್ನ ಕೈಯಿಂದ ಯಂತ್ರ ಕಿತ್ತುಕೊಂಡು ಕಾಲಿನ ಬೆರಳಿಗೆ ಕಚ್ಚಿಸಿದಳು. ಅದು ಸ್ವಲ್ಪ ಹೊತ್ತು ಯೋಚಿಸಿ ತೊಂಬತ್ತೆಂಟು ತೋರಿಸಿತು. ನನ್ನ ಬಲಗೈಯನ್ನು ಎತ್ತಿ ನನ್ನ ಕಣ್ಣ ಮುಂದೆಯೇ ಹಿಡಿದಳು. ಬೆರಳು, ಉಗುರು, ಸಂದಿ ಎಲ್ಲ ಚೊಗರಿನಿಂದ ಕಪ್ಪಾಗಿದ್ದವು. ಪಕ್ಕದಲ್ಲಿ ಅವಳ ಕೈ ಹಿಡಿದಳು. ಅವಳ ಬೆರಳುಗಳು ಅಷ್ಟು ಬೆಳ್ಳಗಿರುವುದನ್ನು ನಾನು ನಮ್ಮ ಮದುವೆಯ ದಿನ, ಅದೇ ಸಿಂಹಾಸನದ ಮೇಲೆ ನೋಡಿದ್ದೆ. ಆಮೇಲೆ ನೋಡಿರಲಿಲ್ಲ.

"ಬೆರಳು ಕಪ್ಪಿದ್ರೆ ಈ ಮಿಷನ್‌ಗೆ ಕಣ್ಣು ಕಾಣಾಕಿಲ್ಲ" ಅಂದಳು.

ಪಕ್ಕಕ್ಕಿಟ್ಟಿದ್ದ ಫೋನಿನಲ್ಲಿ ಮಂಜುಳಾ ಇನ್ನೂ ಇದ್ದಳು. "ನಿಮ್ಮಪ್ಪಗೆ ಏನೂ ಆಗಿಲ್ಲ, ಅಡಿಕೆ ಸುಲಿದಾನೆ ಅಷ್ಟೇ, ಇಡು" ಅಂತ ಕೊಟ್ರಮ್ಮ ಫೋನ್ ಕಟ್ ಮಾಡಿದಳು.

ನನಗೆ ಆದ ಖುಷಿ ಹೇಳಲು ಬರುವುದಿಲ್ಲ. ಇಬ್ಬರೂ ಸಾಯುವುದಿಲ್ಲ, ಇಬ್ಬರೂ ಎಲ್ಲಿಗೂ ಹೋಗುವುದಿಲ್ಲ. ಆ ಖುಷಿಯಲ್ಲಿ ಅವಳ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಓಡಿತು.

"ನಿಂಗೆ ಹೆಂಗೆ ಗೊತ್ತಾತು?"

ಅವಳು ಯಂತ್ರವನ್ನು ನನ್ನ ಕಾಲಿನಿಂದ ಬಿಡಿಸಿದಳು.

"ಕೊಟ್ರಮ್ಮ, ಯಾವಾಗಿಂದ ಗೊತ್ತಿತ್ತು?"

"ನೀವು ನಿಂಬೆಹಣ್ಣು ಕಳಿಸಾಕೆ ಶುರು ಮಾಡಿದ್ರಲ್ಲ" ಅಂದಳು. "ಅಷ್ಟು ಯಾರು ತಿಂತಾರೆ. ಕುಂತಲ್ಲೇ ಬೆರಳಿಗೆ ತಿಕ್ಕೊಂಡೆ. ದಿನಾ ತಿಕ್ಕಿದೆ. ಕಪ್ಪು ಹೋದಂಗೆಲ್ಲ ನಂಬರ್ ಏರ್ತಾ ಬಂತು. ಕಾಲಿಗೆ ಹಾಕಿ ನೋಡಿದೆ, ಮೊದಲಿಂದನೂ ಸರಿಯಾಗೇ ಐತೆ."

"ಮತ್ತೆ ಎಂಬತ್ನಾಲ್ಕು, ಎಂಬತ್ಮೂರು ಅಂತ ಕೂಗ್ತಿದ್ದೆ?"

ಅವಳು ನನ್ನನ್ನು ನೋಡದೆ ನನ್ನ ಕಪ್ಪು ಬೆರಳನ್ನು ತನ್ನ ಸೆರಗಿನಿಂದ ಒರೆಸುತ್ತ ಹೇಳಿದಳು. "ಮೊದ್ಲು ಸಾಯ್ತೀನಿ ಅಂತ ಅಂಜ್ಕೊಂಡು ಮಲಗಿದ್ದೆ. ಆಮ್ಯಾಲೆ ಸಾಯಲ್ಲ ಅಂತ ಗೊತ್ತಾತು, ಆದ್ರೂ ಮಲಗಿದ್ದೆ. ಅದು ಬ್ಯಾರೆ ನಿದ್ದೆ ರೀ. ಮದುವಿ ಆದಾಗಿಂದ ಅಂಥ ನಿದ್ದೆ ಮಾಡಿರ್ಲಿಲ್ಲ. ಯಾರೋ ಮಾಡಿದ ಉಪ್ಪಿಟ್ಟು ಕಿಟಕ್ಯಾಗೆ ಬರೋದು. ಉಪ್ಪು ಜಾಸ್ತಿ ಇರ್ತಿತ್ತು. ಆದ್ರೂ ಬರ್ತಿತ್ತು."

ಮೊದಲು ನನಗೆ ಸಿಟ್ಟು ಬಂತು. ನಾನು ಇಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಹರಕೆ ಹೊತ್ತರೆ ಇವಳು ಒಳಗೆ ಸಿಂಹಾಸನದಲ್ಲಿ ಮಲಗಿ ಸುಳ್ಳು ನಂಬರ್ ಕೂಗುತ್ತಿದ್ದಳು. ಬೈಯೋಣವೆಂದು ಬಾಯಿ ತೆರೆದೆ. ಸೊಂಟ ನೋಯುತ್ತಿತ್ತು, ಬೈಯಲೂ ತ್ರಾಣವಿರಲಿಲ್ಲ. ಇದೇ ಸೊಂಟನೋವನ್ನು ಅವಳು ಎಷ್ಟು ಹಂಗಾಮುಗಳಿಂದ ಹೊತ್ತುಕೊಂಡು ಬೈಯುತ್ತಿದ್ದಳು ಅಂತ ಯೋಚಿಸಿ ಬಾಯಿ ಮುಚ್ಚಿದೆ. ಅವ್ವ ಇಬ್ಬರನ್ನೂ ನೋಡಿ, "ನಾನು ಆಗಲೇ ಹೇಳಿದ್ನಲ್ಲ ಏನೂ ಇಲ್ಲ ಅಂತ" ಅಂದು, ತನ್ನ ಕಾಫಿ ಏನಾಯಿತು ಅಂತ ಕೇಳಿದಳು. ಕೇಳಿದ್ದು ನನ್ನನ್ನೇ.

ಅವಳಿಗೆ ರೋಗವೇ ಬಂದಿರಲಿಲ್ಲವಾದ್ದರಿಂದ ಹರಕೆ ಲೆಕ್ಕಕ್ಕಿಲ್ಲ ಅಂತ ನಾನು ವಾದಿಸಿ ನೋಡಿದೆ. ಉಳಿದರೆ ಅಂತ ತಾನೇ ಹೊತ್ತಿದ್ದು, ಉಳಿದಿದೀನಲ್ಲ ಅಂದಳು. ಎಲ್ಲ ತೆರೆದ ಮೇಲೆ ಸೂರಗೊಂಡನಕೊಪ್ಪಕ್ಕೆ ನಡೆದೇ ಹೋಗಿ ಬಂದೆ. ನಡುವೆ ಸ್ವಲ್ಪ ದೂರ ಹಾಲೇಶಪ್ಪನ ಟೆಂಪೊ ಸಿಕ್ಕಿತು, ಆ ಸ್ವಲ್ಪ ದೂರ ಸುಮಾರು ದೂರವಿತ್ತು. ದೇವರಿಗೂ ನನಗೂ ಈ ವಿಷಯದಲ್ಲಿ ಒಂದು ಒಪ್ಪಂದವಿದೆ.

ಮದುವೆಗಳು ಮತ್ತೆ ಶುರುವಾದವು. ಕುರ್ಚಿಗಳು ಗೋಡೌನಿಗೆ ಹೋದವು. ಆ ಹಂಡೆಗಳನ್ನು ಎಷ್ಟು ತಿಕ್ಕಿಸಿದರೂ ಪಾಯಸ ಸ್ವಲ್ಪ ಕೆಂಪಾಗಿ, ಕೊನೆಗೆ ಚೂರು ಒಗರಾಗಿ ಬರುತ್ತದೆ. ಜನ ಕೇಸರಿ ಹಾಕಿದ್ದಾರೆ ಅಂದುಕೊಂಡು ಉಣ್ಣುತ್ತಾರೆ. ಆಕ್ಸಿಮೀಟರನ್ನು ಕೊಟ್ರಮ್ಮ ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟಳು. ಸಿಂಹಾಸನ ಮಾತ್ರ ಒಳಕೋಣೆಯಲ್ಲೇ ಉಳಿಯಿತು. ಬಾಡಿಗೆಗೆ ಕೇಳಿದವರಿಗೆ ಅದರ ಕಾಲು ಮುರಿದಿದೆ ಅನ್ನುತ್ತೇನೆ. ಸುಲಿಗೆಯ ಕೆಲಸವನ್ನೂ ನಾವು ಬಿಡಲಿಲ್ಲ, ಆ ವರ್ಷ ಮನೆ ನಡೆಸಿದ್ದು ಅದೇ. ಹಂಗಾಮು ಬಂತೆಂದರೆ ಹಾಲೇಶಪ್ಪನ ಟೆಂಪೊ ಈಗಲೂ ಬಾಗಿಲಿಗೆ ಬರುತ್ತದೆ.

ಮೊನ್ನೆ ನೆಂಟರು ಹೋದ ಮಾರನೆಯ ಬೆಳಿಗ್ಗೆಯೇ ಟೆಂಪೊ ಬಂತು. ಕೊಟ್ರಮ್ಮ ಮೆಟ್ಟುಗತ್ತಿಗೆ ಕೂತಳು. ನಾನು ಹಳೆಯ ಜಾಗದಲ್ಲಿ, ಟಿ.ವಿ.ಯ ಮುಂದೆ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ದೇವರ ಗೂಡಿಗೆ ಹೋದಳು. ಸೆಲ್ಲಿಲ್ಲದ ಆಕ್ಸಿಮೀಟರನ್ನು ತೆಗೆದು ತನ್ನ ಕಪ್ಪು ಬೆರಳಿಗೆ ಕಚ್ಚಿಸಿ, ಏನೂ ಕಾಣದ ಅದರ ಗಾಜನ್ನು ಬೆಳಕಿಗೆ ಹಿಡಿದು ಓದಿದಳು.

"ಎಂಬತ್ನಾಲ್ಕು."

ಆಮೇಲೆ ಬಂದು ಅದನ್ನು ನನ್ನ ಬೆರಳಿಗೆ ಹಾಕಿದಳು. ಗಾಜು ಕಪ್ಪಾಗಿಯೇ ಇತ್ತು. ನಾನೂ ಬಗ್ಗಿ ನೋಡಿದೆ.

"ನಂದೆಷ್ಟು?" ಅಂದೆ.

"ತೊಂಬತ್ತೊಂಬತ್ತು" ಅಂದಳು. "ಹೋಗಿ ಸುಲೀರಿ."

ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.